ರಂಜಕದ ಭರಣಿ ಮತ್ತು ನಿಮ್ಮ ಬಿ.ಪಿ.

ಸಂಕ್ರಾಂತಿಯ ಹೊತ್ತಿಗೆ ಗದಗ-ಬೆಟಗೇರಿಯ ಮಾರುಕಟ್ಟೆಯಲ್ಲಿ ಹಣ್ಣು ಮೆಣಸಿನಕಾಯಿಯ ರಾಶಿ ಕಾಣತೊಡಗುತ್ತದೆ. ಎರೆ ಹೊಲದಲ್ಲಿ ಉಳ್ಳಾಗಡ್ಡಿ, ಹತ್ತಿಯ ಜೊತೆಗೆ ಬೆಳೆದ ಬ್ಯಾಡಗಿ ಕಾಯಿ ಗಿಡದಲ್ಲೇ ಕೆಂಪಾಗಿ, ಇನ್ನೂ ಒಣಗದೆ, ಮೈ ತುಸು ಬಾಡಿ ಸುಕ್ಕುಗಟ್ಟುವ ಸಮಯವಿದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮನೆಗಳಲ್ಲಿ ವರ್ಷದ ರಂಜಕ ಹಾಕುವುದು ಈ ದಿನಗಳಲ್ಲೇ. ಕೆಲವರು ಇದನ್ನು ಕೆಂಪು ಖಾರ ಎನ್ನುತ್ತಾರೆ, ಕೆಲವರು ಕೆಂಪು ಹಿಂಡಿ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಬಿಸಿ ಜೋಳದ ರೊಟ್ಟಿ, ಒಂದಿಷ್ಟು ಬೆಣ್ಣೆ, ಪಕ್ಕದಲ್ಲಿ ರಂಜಕ ಇದ್ದರೆ ಬೇರೆ ಪಲ್ಯ ಕೇಳದ ಜನ ನಾವು.

ಇದೇ ದಿನಗಳಲ್ಲಿ ದವಾಖಾನೆಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ಸಾಹೇಬ್ರ, ಈ ಸಲ ರಂಜಕಕ್ಕ ಉಪ್ಪು ಅರ್ಧಾನ ಹಾಕೇವ್ರಿ. ನಮ್ಮ ಮನಿಯವರಿಗೆ ಬಿ.ಪಿ. ಐತಲ್ರಿ." ಹೇಳುವವರ ಮುಖದಲ್ಲಿ ವೈದ್ಯರ ಮಾತು ನಡೆಸಿದ ಸಮಾಧಾನವಿರುತ್ತದೆ. ಮಾರ್ಚ್‌ನ ಬಿಸಿಲು ಏರಿದ ಮೇಲೆ ಅದೇ ಮನೆಯವರು ಹೊಟ್ಟೆನೋವು, ಭೇದಿ ಎಂದು ಬಂದಾಗ ಏನು ಉಂಡಿರಿ ಎಂದು ವಿಚಾರಿಸಿದರೆ, "ರಂಜಕದ ಮ್ಯಾಲ ಸ್ವಲ್ಪ ಬೂಷ್ಟು ಬಂದಿತ್ರಿ, ಅಷ್ಟು ತಗದು ಹಾಕಿ ಉಂಡೇವ್ರಿ" ಎನ್ನುತ್ತಾರೆ. ಭೇದಿಗೆ ರಂಜಕವೇ ಕಾರಣವೆಂದು ಪ್ರತಿ ಸಲ ಹೇಳಲಾಗದು. ಆದರೆ ಬೂಷ್ಟು ಬರಲು ಅರ್ಧ ಮಾಡಿದ ಉಪ್ಪು ಕಾರಣ ಎಂಬುದರಲ್ಲಿ ಅನುಮಾನವಿಲ್ಲ.

ಅಧಿಕ ರಕ್ತದೊತ್ತಡ ಉಳ್ಳವರು ಉಪ್ಪು ಕಡಿಮೆ ಮಾಡಲೇಬೇಕು. ಆದರೆ ಕಡಿಮೆ ಮಾಡಬೇಕಾದದ್ದು ತಾಟಿನಲ್ಲಿ. ಹೊರಗೆ ವರ್ಷಗಟ್ಟಲೆ ಇಡುವ ಭರಣಿಯಲ್ಲಿ ಅಲ್ಲ. ಅಡುಗೆಯ ಸಾರಿಗೆ ಹಾಕುವ ಉಪ್ಪು ರುಚಿಗೆ. ರಂಜಕಕ್ಕೆ ಹಾಕುವ ಉಪ್ಪು ಕಾವಲಿಗೆ. ಇವೆರಡನ್ನೂ ಒಂದೇ ಎಂದು ತಿಳಿದಾಗ ತೊಂದರೆ ಹುಟ್ಟುತ್ತದೆ.

ಭರಣಿಯೊಳಗೆ ನಡೆಯುವುದೇನು?

ಕುಟ್ಟಿದ ಮೆಣಸಿನಕಾಯಿಗೆ ಉಪ್ಪು ಬಿದ್ದ ಕೂಡಲೇ ಕಾಯಿಯೊಳಗಿನ ನೀರು ಹೊರಗೆ ಬರತೊಡಗುತ್ತದೆ. ಉಪ್ಪು ಆ ನೀರಿನಲ್ಲಿ ಕರಗುತ್ತದೆ. ಹೊಲದಿಂದ ಬಂದ ಕಾಯಿಯ ಸಿಪ್ಪೆಯ ಮೇಲೆ ನಾನಾ ಬಗೆಯ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅವುಗಳಲ್ಲಿ ಕೊಳೆಸುವ ಜಾತಿಯವು ಬಹುಮಟ್ಟಿಗೆ ಈ ಗಾಢವಾದ ಉಪ್ಪುನೀರನ್ನು ತಾಳಲಾರವು. ತಾಳಿಕೊಂಡು ಬದುಕುವ ಕೆಲವು ಬ್ಯಾಕ್ಟೀರಿಯಾಗಳಿವೆ. ಹಾಲನ್ನು ಮೊಸರು ಮಾಡುವ, ದೋಸೆ ಹಿಟ್ಟನ್ನು ಹುಳಿ ಬರಿಸುವ ಬಳಗದವು ಇವು. ಕಾಯಿಯಲ್ಲಿರುವ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತವೆ, ಜೊತೆಗೆ ಒಂದಿಷ್ಟು ಅನಿಲವನ್ನೂ ಬಿಡುತ್ತವೆ. ಎರಡು ಮೂರು ದಿನಗಳ ಮೇಲೆ ರಂಜಕ ಉಬ್ಬಿ, ಸಣ್ಣ ಗುಳ್ಳೆ ಕಂಡು, ಖಾರದ ಘಾಟಿನ ಜೊತೆ ಹುಳಿಯ ವಾಸನೆ ಬರುವುದು ಇದರಿಂದಲೇ. ಕೆಟ್ಟಿತೆಂದು ಹೆದರಿ ಚೆಲ್ಲಬೇಕಾಗಿಲ್ಲ.

ಹುಳಿ ಏರಿದಂತೆ ಎರಡನೆಯ ಕಾವಲು ಸಿದ್ಧವಾಗುತ್ತದೆ. ಹುಳಿಯನ್ನು ಅಳೆಯಲು ಪಿಎಚ್ ಎಂಬ ಮಾಪನವಿದೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಶುದ್ಧ ನೀರಿನದು 7, ನಿಂಬೆರಸದ್ದು 2ರಿಂದ 3ರ ನಡುವೆ. ಆಹಾರದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಮುಂದೆ ಹೇಳಲಿರುವ ಅತಿ ಅಪಾಯಕಾರಿ ರೋಗಾಣು ಅದರಲ್ಲಿ ಬೆಳೆಯಲಾರದು. ನಮ್ಮ ಹಿರಿಯರಿಗೆ ಈ ಅಂಕಿ ತಿಳಿದಿರಲಿಲ್ಲ. ಆದರೂ ನಾಲ್ಕೈದು ದಿನ ಉಪ್ಪಿನಲ್ಲಿ ಕೊಳೆಹಾಕಿದ ಮೇಲೆ ನಿಂಬೆಹಣ್ಣು ಹಿಂಡುವ ಪದ್ಧತಿಯನ್ನು ಅವರು ಕಂಡುಕೊಂಡಿದ್ದರು. ಬ್ಯಾಕ್ಟೀರಿಯಾ ಮಾಡಿದ ಹುಳಿ ಸಾಲದೆ ಹೋದರೆ ನಿಂಬೆಯ ಹುಳಿ ಅದನ್ನು ತುಂಬಿಕೊಡುತ್ತದೆ.

ಮೊದಲ ದಿನವೇ ನಿಂಬೆರಸ ಸೇರಿಸುವ ಮನೆಗಳೂ ಇವೆ. ಹಾಗೆ ಮಾಡಿದಾಗ ಹುದುಗು ಅಷ್ಟಾಗಿ ಏಳುವುದಿಲ್ಲ, ರಂಜಕ ಉಪ್ಪಿನಕಾಯಿಯ ದಾರಿ ಹಿಡಿಯುತ್ತದೆ. ಆರೋಗ್ಯದ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ರುಚಿಯ ವಿಷಯದಲ್ಲಿ ನನ್ನ ಮತ ತಡವಾಗಿ ಹಿಂಡುವವರ ಕಡೆಗೆ.

ಅಳತೆ ತಕ್ಕಡಿಯಲ್ಲಿ ಇರಲಿ

ನಮ್ಮ ಮನೆಗಳಲ್ಲಿ ಉಪ್ಪನ್ನು ಬಟ್ಟಲಿನಲ್ಲೋ ಮುಷ್ಟಿಯಲ್ಲೋ ಅಳೆಯುವುದು ರೂಢಿ. ಅಜ್ಜಿ ಅಳೆದದ್ದು ದಪ್ಪ ಹರಳುಪ್ಪು. ಇಂದಿನ ಸೊಸೆ ಅದೇ ಬಟ್ಟಲಿನಲ್ಲಿ ಅಳೆಯುವುದು ಪ್ಯಾಕೆಟ್ಟಿನ ಪುಡಿ ಉಪ್ಪು. ಬಟ್ಟಲು ಒಂದೇ ಆದರೂ ಎರಡರ ತೂಕ ಒಂದೇ ಅಲ್ಲ. ಆದ್ದರಿಂದ ತೂಕ ಮಾಡಿಯೇ ಹಾಕಿ. ತುಂಬು ತೆಗೆದ 1 ಕಿಲೋ ಹಣ್ಣು ಮೆಣಸಿನಕಾಯಿಗೆ 150 ಗ್ರಾಂ ಉಪ್ಪು ಬೇಕು. ಪಾವು ಕಿಲೋದವರೆಗೆ ಹಾಕುವ ಮನೆಗಳೂ ಇವೆ, ಅಷ್ಟು ಅವಶ್ಯವಿಲ್ಲ. ಆದರೆ ಹೊರಗೆ ಇಡುವ ಭರಣಿಗೆ 150 ಗ್ರಾಂಗಿಂತ ಕೆಳಗೆ ಇಳಿಯಬೇಡಿ. ಅಯೋಡಿನ್ ಉಪ್ಪು ಹಾಕಿದರೆ ಹುದುಗು ಬರುವುದಿಲ್ಲವೆಂಬ ಮಾತು ಕೇಳಿದ್ದೇನೆ. ಅದಕ್ಕೆ ಆಧಾರವಿಲ್ಲ, ಧಾರಾಳವಾಗಿ ಬಳಸಬಹುದು.

ಕಾಯಿ ಕೊಳ್ಳುವಾಗ ಮೆತ್ತಗಾದವು, ಕಪ್ಪು ಚುಕ್ಕೆ ಇರುವವು, ತುಂಬಿನ ಬಳಿ ಬೂದು ಬಣ್ಣ ತಿರುಗಿದವು ಬೇಡ. ಒಂದು ಕಾಯಿಯನ್ನು ಮುರಿದು ಒಳಗೆ ನೋಡಿ. ಹೊರಗೆ ಕೆಂಪಗಿದ್ದು ಒಳಗೆ ಬೂಷ್ಟು ಹಿಡಿದ ಕಾಯಿ ಸಾಕಷ್ಟು ಇರುತ್ತವೆ. ಮೆಣಸಿನಕಾಯಿ ಬೆಳೆಗೆ ಮುಟುರು ರೋಗ, ನುಸಿ, ಥ್ರಿಪ್ಸ್ ಎಂದು ಔಷಧ ಸಿಂಪಡಿಸುವುದು ಹೆಚ್ಚು. ಗೊತ್ತಿರುವ ರೈತರಿಂದ ಕೊಳ್ಳುವಂತಿದ್ದರೆ ಕೊನೆಯ ಸಿಂಪರಣೆ ಯಾವಾಗ ಆಯಿತೆಂದು ಕೇಳಿ ತಿಳಿಯಿರಿ. ತುಂಬು ಇರುವಾಗಲೇ ಮೂರು ನೀರಿನಲ್ಲಿ ತೊಳೆಯಬೇಕು. ತುಂಬು ತೆಗೆದು ತೊಳೆದರೆ ನೀರು ಒಳಗೆ ಸೇರುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಒಂದು ದಿನ ಆರಿಸಿ. ಮುಂಡರಗಿ ಕಡೆಯ ಹಲವು ಊರುಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಹೆಚ್ಚಿರುವುದರಿಂದ, ತೊಳೆದ ನೀರಿನಿಂದ ರಂಜಕಕ್ಕೆ ಫ್ಲೋರೈಡ್ ಸೇರದೇ ಎಂಬ ಪ್ರಶ್ನೆ ಬರುವುದುಂಟು. ಆರಿದ ಕಾಯಿಯ ಮೇಲೆ ಉಳಿಯುವುದು ಲೆಕ್ಕಕ್ಕಿಲ್ಲದಷ್ಟು. ಚಿಂತಿಸಬೇಕಾದದ್ದು ದಿನವೂ ಕುಡಿಯುವ ನೀರಿನ ಬಗ್ಗೆ.

ಒರಳಾಗಲಿ, ಮಿಕ್ಸರ್ ಆಗಲಿ, ತೇವ ಇರಬಾರದು. ಕಾಯಿ ಮತ್ತು ಉಪ್ಪನ್ನು ತರಿತರಿಯಾಗಿ ಕುಟ್ಟಿ, ಚೀನೀ ಮಣ್ಣಿನ ಭರಣಿಗೆ ಅಥವಾ ಗಾಜಿನ ಜಾಡಿಗೆ ತುಂಬಿ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಪಾತ್ರೆ ಸರ್ವಥಾ ಬೇಡ. ಉಪ್ಪು ಹುಳಿ ಎರಡೂ ಸೇರಿ ಲೋಹವನ್ನು ಕರಗಿಸುತ್ತವೆ. ಕಾಲು ಭಾಗ ಖಾಲಿ ಬಿಡಿ, ಉಬ್ಬಲು ಜಾಗ ಬೇಕು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಬಿಸಿಲು ಬೀಳದ ಕಡೆ ಇಡಿ. ಮೊದಲ ವಾರ ಗಾಜಿನ ಜಾಡಿಯ ಮುಚ್ಚಳವನ್ನು ಬಿಗಿದರೆ ಒಳಗಿನ ಅನಿಲದಿಂದ ಜಾಡಿ ಸಿಡಿಯಬಹುದು. ದಿನಕ್ಕೊಮ್ಮೆ ಒಣ ಚಮಚದಿಂದ ಕೆಳಗಿನದನ್ನು ಮೇಲೆ ಮಾಡಿ ಚೆನ್ನಾಗಿ ಒತ್ತಬೇಕು. ಬೂಷ್ಟಿಗೆ ಗಾಳಿ ಬೇಕು. ರಂಜಕ ತನ್ನ ರಸದಲ್ಲಿ ಮುಳುಗಿದ್ದಷ್ಟೂ ಅದಕ್ಕೆ ಎಡೆಯಿಲ್ಲ. ಐದಾರು ದಿನಗಳ ಮೇಲೆ ಕಿಲೋಗೆ ಹತ್ತು ನಿಂಬೆಹಣ್ಣಿನ ರಸ, ಹುರಿದು ಪುಡಿ ಮಾಡಿದ ಮೆಂತ್ಯ, ಇಂಗು ಸೇರಿಸಿ ಮತ್ತೊಮ್ಮೆ ಅರೆದರೆ ರಂಜಕ ಸಿದ್ಧ. ಬೆಲ್ಲ ನಿಮ್ಮ ಮನೆಯ ರುಚಿಗೆ ಬಿಟ್ಟದ್ದು. ಅದನ್ನು ಉಣ್ಣುವ ದಿನ ಬೆರೆಸಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಉಪ್ಪು ಕಡಿಮೆಯೇ ಬೇಕೆನ್ನುವವರಿಗೆ ಬೇರೆ ದಾರಿ ಇದೆ. ಕಿಲೋಗೆ 60ರಿಂದ 70 ಗ್ರಾಂ ಉಪ್ಪು ಹಾಕಿ, ನಿಂಬೆರಸವನ್ನು ಮೊದಲ ದಿನವೇ ಸೇರಿಸಿ, ನೇರವಾಗಿ ಫ್ರಿಜ್ಜಿನಲ್ಲಿ ಇಡಿ. ಸ್ವಲ್ಪ ಸ್ವಲ್ಪವೇ ಮಾಡಿ, ತಿಂಗಳೊಳಗೆ ಮುಗಿಸಿ. ಇದು ವರ್ಷದ ರಂಜಕವಲ್ಲ, ಚಟ್ನಿ ಎಂದೇ ತಿಳಿಯಬೇಕು. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪನ್ನು ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಸೋಡಿಯಂನ ಒಂದು ಪಾಲಿಗೆ ಬದಲಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಸಂಚಕಾರ ಬರಬಹುದು. ನಿಮ್ಮ ವೈದ್ಯರನ್ನು ಕೇಳದೆ ಅದನ್ನು ಮನೆಗೆ ತರಬೇಡಿ.

ಬೂಷ್ಟು, ಎಣ್ಣೆ, ಬೆಳ್ಳುಳ್ಳಿ

ಭರಣಿಯ ಮೇಲ್ಭಾಗದಲ್ಲಿ ಕಾಣುವುದೆಲ್ಲ ಒಂದೇ ಅಲ್ಲ. ಹಾಲಿನ ಕೆನೆಯಂತೆ ತೆಳ್ಳಗೆ, ಬೆಳ್ಳಗೆ, ಸಮತಟ್ಟಾಗಿ ಹರಡಿದ ಪೊರೆ ಸಾಮಾನ್ಯವಾಗಿ ಒಂದು ಬಗೆಯ ಯೀಸ್ಟ್. ವಿಷವಲ್ಲ, ಆದರೆ ರುಚಿ ಕೆಡಿಸುತ್ತದೆ, ಹುಳಿಯನ್ನೂ ತಿಂದುಹಾಕುತ್ತದೆ. ಹುದುಗು ಬರುವ ಮೊದಲ ವಾರದಲ್ಲಿ ಕಂಡರೆ ತೆಗೆದುಹಾಕಿ, ನಿಂಬೆರಸ ಸೇರಿಸಿ ಬೇಗ ಬಳಸಬಹುದು. ಹತ್ತಿಯ ಎಳೆಯಂತೆ ಎದ್ದು ನಿಂತ, ಹಸಿರು, ಕಪ್ಪು, ಹಳದಿ ಬಣ್ಣದ ಬೂಷ್ಟು ಬೇರೆ. ಕಣ್ಣಿಗೆ ಕಾಣುವುದು ಅದರ ತಲೆ ಮಾತ್ರ. ಬೇರಿನಂಥ ಎಳೆಗಳು ಕೆಳಗೆ ಇಳಿದಿರುತ್ತವೆ. ಅದರಲ್ಲಿ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಾಡುತ್ತವೆ. ಸರಿಯಾಗಿ ಒಣಗದ ಶೇಂಗಾ, ಮೆಣಸಿನಕಾಯಿಗಳಿಗೆ ಹಿಡಿಯುವ ಬೂಷ್ಟಿನಲ್ಲೂ ಇದೇ ಭಯ. ಈ ವಿಷ ಕುದಿಸಿದರೂ ಒಗ್ಗರಣೆ ಕೊಟ್ಟರೂ ಹೋಗದು. ವರ್ಷಾನುಗಟ್ಟಲೆ ದೇಹಕ್ಕೆ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿ. ಅಂಥ ಬೂಷ್ಟು ಕಂಡ ಭರಣಿಯನ್ನು ಮೇಲೆ ಕೆರೆದು ಉಳಿಸಿಕೊಳ್ಳುವ ಯೋಚನೆ ಬೇಡ. ಒಂದು ಕಿಲೋ ಕಾಯಿಯ ಬೆಲೆ ನೋಡಿ ಮನಸ್ಸು ಹಿಂಜರಿಯುವುದು ಸಹಜ. ಆದರೂ ಚೆಲ್ಲಿಬಿಡಿ, ದನಕರುಗಳಿಗೂ ಹಾಕಬೇಡಿ.

ಬೂಷ್ಟು ಬಾರದಿರಲೆಂದು ಮೇಲೆ ಎಣ್ಣೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಉಪ್ಪು, ಹುಳಿ ಸರಿಯಾಗಿದ್ದಲ್ಲಿ ಇದು ಒಳ್ಳೆಯದೇ. ಉಪ್ಪನ್ನೂ ಕಡಿಮೆ ಮಾಡಿ, ನಿಂಬೆಯನ್ನೂ ಬಿಟ್ಟು, ಹಸಿ ಬೆಳ್ಳುಳ್ಳಿ ಸೇರಿಸಿ ಮೇಲೆ ಎಣ್ಣೆ ಸುರಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಮಣ್ಣಿನಲ್ಲಿ ಸದಾ ಇರುವ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೆಳ್ಳುಳ್ಳಿ, ಮೆಣಸಿನಕಾಯಿಗಳ ಜೊತೆ ಮನೆಗೆ ಬರುತ್ತವೆ. ಗಾಳಿ ಇರುವಲ್ಲಿ ಅವು ಸುಮ್ಮನೆ ಮಲಗಿರುತ್ತವೆ. ಎಣ್ಣೆಯ ಕೆಳಗೆ ಗಾಳಿಯಿಲ್ಲ, ಹುಳಿಯಿಲ್ಲ, ಉಪ್ಪು ಸಾಲದು, ಬೇಸಿಗೆಯ ಶಾಖವಿದೆ. ಅವು ಎದ್ದು ಬೆಳೆದು, ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಮಾಡುತ್ತವೆ. ಬಣ್ಣ, ವಾಸನೆ, ರುಚಿಯಲ್ಲಿ ಏನೂ ತಿಳಿಯದೆ ಇರಬಹುದು. 1977ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸರಿಯಾಗಿ ಸಂಸ್ಕರಿಸದೆ ಡಬ್ಬಿಯಲ್ಲಿಟ್ಟ ಮೆಣಸಿನಕಾಯಿಯನ್ನು ಹೋಟೆಲೊಂದರಲ್ಲಿ ತಿಂದು 50ಕ್ಕೂ ಹೆಚ್ಚು ಜನ ಈ ವಿಷಕ್ಕೆ ತುತ್ತಾದರು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಫ್ರಿಜ್ಜಿನ ಹೊರಗಿಟ್ಟಿದ್ದ, ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿಯಿಂದ ಮೂವತ್ತಕ್ಕೂ ಹೆಚ್ಚು ಜನರಿಗೆ ಹೀಗಾಯಿತು.

ನಮ್ಮ ದೇಶದಲ್ಲಿ ಈ ರೋಗ ವರದಿಯಾಗುವುದು ಅಪರೂಪ, ಹೆದರಿ ರಂಜಕವನ್ನೇ ಬಿಡಬೇಕಾಗಿಲ್ಲ. ನೀರಿನ ಅಂಶದಲ್ಲಿ ನೂರಕ್ಕೆ ಹತ್ತರಷ್ಟು ಉಪ್ಪಿದ್ದರೆ ಬಾಟುಲಿನಮ್ ಬೆಳೆಯಲಾರದು. ಕಿಲೋಗೆ 150 ಗ್ರಾಂ ಎಂಬ ಲೆಕ್ಕದಲ್ಲಿ ಅಷ್ಟು ಉಪ್ಪು ದಕ್ಕುತ್ತದೆ. ಉಪ್ಪು ಕಡಿಮೆ ಮಾಡುವ ಮನೆಗಳು ಬೆಳ್ಳುಳ್ಳಿಯನ್ನು ಭರಣಿಗೆ ಸೇರಿಸದೆ, ಉಣ್ಣುವ ಹೊತ್ತಿಗೆ ಜಜ್ಜಿ ಬೆರೆಸಿಕೊಳ್ಳಲಿ. ಊಟವಾದ ಒಂದೆರಡು ದಿನಗಳಲ್ಲಿ ಕಣ್ಣೆವೆ ಜೋತುಬೀಳುವುದು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಜ್ವರವಿಲ್ಲದೆ ಇವು ಕಂಡರೆ ಮನೆಮದ್ದು ನೋಡುತ್ತ ಕೂಡದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಉಸಿರಾಟದ ಸ್ನಾಯುಗಳಿಗೆ ಅದು ತಲುಪುವ ಮೊದಲೇ ಚಿಕಿತ್ಸೆ ಶುರುವಾಗಬೇಕು.

ತಾಟಿನ ಲೆಕ್ಕ

ಈಗ ಬಿ.ಪಿ. ಮಾತಿಗೆ ಬರೋಣ. ಒಂದು ಕಿಲೋ ಕಾಯಿ, 150 ಗ್ರಾಂ ಉಪ್ಪು, ನಿಂಬೆರಸ ಎಲ್ಲ ಸೇರಿ ಸುಮಾರು 1,350 ಗ್ರಾಂ ರಂಜಕವಾಗುತ್ತದೆ. ಅಂದರೆ ಒಂಬತ್ತರಲ್ಲಿ ಒಂದು ಪಾಲು ಉಪ್ಪು. ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಬಡಿಸಿಕೊಂಡರೆ ಹತ್ತಿರ ಹತ್ತಿರ 2 ಗ್ರಾಂ ಉಪ್ಪು ತಾಟಿಗೆ ಬಿತ್ತು. ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದರೆ 4 ಗ್ರಾಂಗೆ ಸಮೀಪ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳಿರುವ ಮಿತಿ 5 ಗ್ರಾಂ. ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿಗೆ ಉಳಿಯುವುದು ಒಂದು ಗ್ರಾಂ! ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ ಎಂಬ ಸಮಾಧಾನ ಈ ಲೆಕ್ಕದ ಮುಂದೆ ನಿಲ್ಲದು.

ಅದೇ ರಂಜಕವನ್ನು ಚಹದ ಚಮಚದಲ್ಲಿ ಒಂದು ಅಳೆದರೆ ಉಪ್ಪು ಸುಮಾರು ಮುಕ್ಕಾಲು ಗ್ರಾಂಗಿಂತ ಕಡಿಮೆ. ಅದನ್ನು ಹಾಗೆಯೇ ಹಚ್ಚಿಕೊಳ್ಳದೆ ಒಂದು ಸಣ್ಣ ಬಟ್ಟಲಿನಲ್ಲಿ ಹಾಕಿ, ಉಪ್ಪು ಹಾಕದ ಕೆನೆಮೊಸರು ಮೂರು ಚಮಚ ಬೆರೆಸಿ. ಇಲ್ಲವೇ ಹುರಿದ ಶೇಂಗಾ ಅಥವಾ ಗುರೆಳ್ಳನ್ನು ಉಪ್ಪಿಲ್ಲದೆ ಕುಟ್ಟಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಕಲಸಿ. ಎರಡು ರೊಟ್ಟಿಗೆ ಸಾಕಾಗುವಷ್ಟು ಆಗುತ್ತದೆ, ಖಾರವೂ ನಾಲಿಗೆಗೆ ಹಿತವಾಗಿ ಹತ್ತುತ್ತದೆ. ಡಬ್ಬಿಯಲ್ಲಿಟ್ಟ ಶೇಂಗಾ ಹಿಂಡಿ ಬೆರೆಸಿದರೆ ಅದರ ಉಪ್ಪೂ ಸೇರುತ್ತದೆ, ಗಮನವಿರಲಿ. ರಂಜಕ ಬಡಿಸಿದ ದಿನ ಉಪ್ಪಿನಕಾಯಿ, ಹಪ್ಪಳಕ್ಕೆ ರಜೆ ಕೊಡಿ. ರಕ್ತದೊತ್ತಡ ಹತೋಟಿಯಲ್ಲಿರುವವರು ಇಷ್ಟನ್ನು ದಿನಕ್ಕೊಮ್ಮೆ ಉಣ್ಣಲು ನಾನು ಅಡ್ಡಿ ಹೇಳುವುದಿಲ್ಲ. ಹೃದಯ ದುರ್ಬಲವಾಗಿ ಕಾಲು ಬಾತವರು, ಮೂತ್ರಪಿಂಡದ ಕಾಯಿಲೆಯವರು ಮಾತ್ರ ತಮ್ಮ ವೈದ್ಯರು ಹೇಳಿದಂತೆ ನಡೆಯಬೇಕು.

ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಜಠರದ ಹುಣ್ಣುಗಳಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಈ ಬ್ಯಾಕ್ಟೀರಿಯಾವನ್ನು 1982ರಲ್ಲಿ ಕಂಡುಹಿಡಿದ ಆಸ್ಟ್ರೇಲಿಯದ ವೈದ್ಯರಾದ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆದರೆ ಇದ್ದ ಹುಣ್ಣಿಗೆ, ಎದೆಯುರಿಗೆ, ಮೂಲವ್ಯಾಧಿಗೆ ಖಾರ ಉರಿಯನ್ನು ಹೆಚ್ಚಿಸುತ್ತದೆ. ಅಂಥವರು ಗುಣವಾಗುವ ತನಕ ದೂರವಿರಲಿ. ಹಣ್ಣು ಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಹೇರಳ. ಹಂಗೇರಿಯ ವಿಜ್ಞಾನಿ ಸೆಂಟ್ ಗ್ಯೋರ್ಗಿ 1930ರ ದಶಕದಲ್ಲಿ ಈ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಪಡೆದದ್ದು ತಮ್ಮೂರ ಕೆಂಪು ಮೆಣಸಿನಕಾಯಿಯಿಂದಲೇ. ಚಹದ ಚಮಚದಷ್ಟು ರಂಜಕದಲ್ಲಿ ಅದು ಎಷ್ಟು ದಕ್ಕೀತು ಎಂಬುದು ಬೇರೆ ಮಾತು. ಅದಕ್ಕೆ ಪೇರಲ ಹಣ್ಣು ತಿನ್ನಿ.

ಕುಟ್ಟುವವರ ಕೈ ಉರಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮೆಣಸಿನಕಾಯಿಯ ಖಾರ ನಿಜವಾಗಿ ರುಚಿಯಲ್ಲ. ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರತುದಿಗಳನ್ನೇ ಅದು ಕೆರಳಿಸುತ್ತದೆ. ಆದ್ದರಿಂದಲೇ ನಾಲಿಗೆಯಷ್ಟೇ ಕೈಯೂ ಉರಿಯುತ್ತದೆ. ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಕೈಗೆ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಕೈಗವಸು ಹಾಕಿಕೊಂಡರೆ ಈ ಫಜೀತಿಯೇ ಇಲ್ಲ. ಕಣ್ಣಿಗೆ ತಾಗಿದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹರಿಯಬಿಡಿ. ದಮ್ಮು ಇರುವವರು, ಕೂಸುಗಳು ಕುಟ್ಟುವ ಜಾಗದಲ್ಲಿ ಇರಬಾರದು.

ಬೆಂಗಳೂರು, ಪುಣೆಯಲ್ಲಿರುವ ಮಕ್ಕಳಿಗೆ ರಂಜಕ ಕಳಿಸುವುದು ನಮ್ಮ ತಾಯಂದಿರ ವಾಡಿಕೆ. ಬಸ್ಸಿನಲ್ಲಿ ಕಳಿಸುವುದಾದರೆ ಪೂರ್ತಿ ಉಪ್ಪು ಹಾಕಿದ, ನಿಂಬೆ ಬಿದ್ದು ಎರಡು ವಾರ ಕಳೆದ, ಗುಳ್ಳೆ ನಿಂತ ರಂಜಕವನ್ನೇ ಕಳಿಸಿ. ಕಡಿಮೆ ಉಪ್ಪಿನದು ಫ್ರಿಜ್ಜು ಬಿಟ್ಟು ಊರು ದಾಟಬಾರದು. ಅಲ್ಲಿ ಹಣ್ಣು ಕಾಯಿ ಸಿಗದೆ ಒಣ ಬ್ಯಾಡಗಿಯನ್ನು ನೆನೆಹಾಕಿ ಅರೆಯುವವರು ಹುದುಗು ಬರಲೆಂದು ಹೊರಗೆ ಇಡದೆ, ನಿಂಬೆರಸ ಹಿಂಡಿ ಅಂದೇ ಫ್ರಿಜ್ಜಿನಲ್ಲಿಟ್ಟು ಒಂದೆರಡು ವಾರದಲ್ಲಿ ಮುಗಿಸಲಿ.